ಹಳದಿ ಪಿನ್ನೋ, ಹಸಿರು ಪಿನ್ನೋ? ಮನೆ ಪ್ರೊಜೆಕ್ಟರ್‌ಗೆ ಯಾವ ವೈರು ಹಾಕಬೇಕು

ಆಫೀಸು, ಕಾಲೇಜುಗಳಲ್ಲಿ ಈಗ ಪ್ರೊಜೆಕ್ಟರ್ ಬಿಚ್ಚಿ ದೊಡ್ಡ ಟಿವಿ ಪರದೆ ಹಾಕಿಸುತ್ತಿದ್ದಾರೆ. ಬಿಚ್ಚಿದ ಪ್ರೊಜೆಕ್ಟರ್‌ಗಳು ಸೆಕೆಂಡ್ ಹ್ಯಾಂಡ್ ಆಗಿ ಮನೆಗಳಿಗೆ ಬರುತ್ತಿವೆ. ಬಂದ ಮೇಲೆ ಮೊದಲ ಕೆಲಸ ಅಟ್ಟದಿಂದ ಹಳೇ ಡಿವಿಡಿ ಪ್ಲೇಯರ್ ಇಳಿಸುವುದು. ಮದುವೆ ಕ್ಯಾಸೆಟ್ಟು ಇದ್ದವರು ವಿಸಿಆರ್ ಹುಡುಕುತ್ತಾರೆ. ಕ್ರಿಕೆಟ್ ಹುಚ್ಚಿನವರು ಸೆಟ್ ಟಾಪ್ ಬಾಕ್ಸನ್ನೇ ಹೊತ್ತು ತರುತ್ತಾರೆ.

ಪ್ರೊಜೆಕ್ಟರ್ ಹಿಂಭಾಗದಲ್ಲಿ ಐದಾರು ಬಗೆಯ ತೂತುಗಳಿರುತ್ತವೆ. ಹಳದಿ ಪಿನ್ನನ್ನು ಹಳದಿ ತೂತಿಗೆ ಹಾಕಿದರೆ ಚಿತ್ರ ಬಂದುಬಿಡುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ನೋಡಿದರೆ ಮುಖಗಳು ಮಬ್ಬು, ಅಕ್ಷರಗಳ ಅಂಚಿನಲ್ಲಿ ಚುಕ್ಕೆಗಳು ಹರಿದಾಡುತ್ತವೆ, ಸೀರೆಯ ಚೌಕಳಿಯಲ್ಲಿ ಇಲ್ಲದ ಬಣ್ಣಗಳು ಮಿಣುಗುತ್ತವೆ. 'ಪ್ರೊಜೆಕ್ಟರ್ ಸರಿ ಇಲ್ಲ, ದುಡ್ಡು ದಂಡ' ಅಂತ ಬೇಜಾರಾಗುತ್ತದೆ.

ಬಹಳ ಸಲ ತೊಂದರೆ ಇರುವುದು ಆ ಹಳದಿ ವೈರಿನಲ್ಲಿ. ಕೆಲವು ಸಲ ಕ್ಯಾಸೆಟ್ಟಿನಲ್ಲೇ ಇರುತ್ತದೆ, ಆಗ ಎಷ್ಟು ದುಬಾರಿ ವೈರು ಹಾಕಿದರೂ ಅಷ್ಟೇ. ಯಾವಾಗ ಯಾವುದು ಅಂತ ತಿಳಿಯಬೇಕಾದರೆ ವೈರಿನೊಳಗೆ ಏನು ಹೋಗುತ್ತದೆ ಅಂತ ಸ್ವಲ್ಪ ನೋಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ಲೇಯರ್, ಪ್ರೊಜೆಕ್ಟರ್ ಎರಡರಲ್ಲೂ ಎಚ್‌ಡಿಎಂಐ ಅನ್ನುವ ಚಪ್ಪಟೆ ಡಿಜಿಟಲ್ ತೂತು ಇದ್ದರೆ ಸುಮ್ನೆ ಅದರ ವೈರನ್ನೇ ಹಾಕಿ. ಅದು ಚಿತ್ರವನ್ನು ಅಂಕಿಗಳಾಗಿ ಸಾಗಿಸುತ್ತದೆ, ಕೆಳಗೆ ಹೇಳುವ ತಾಪತ್ರಯ ಯಾವುದೂ ಇಲ್ಲ. ಈ ಲೇಖನ ಆ ತೂತು ಇಲ್ಲದ ಹಳೇ ಸಾಮಾನು ಇಟ್ಟುಕೊಂಡವರಿಗೆ.

ಹಳೇ ಟಿವಿಯಲ್ಲಿ ಚೆನ್ನಾಗೇ ಕಾಣುತ್ತಿತ್ತಲ್ಲ?

ಕಾಣುತ್ತಿತ್ತು, ಯಾಕೆಂದರೆ ಟಿವಿ ಚಿಕ್ಕದಿತ್ತು. ಭಾರತದ ಹಳೇ ಟಿವಿಗಳಿಗೆ ಇದ್ದ ಪಾಲ್ ಅನ್ನುವ ಚಿತ್ರ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಅಡ್ಡಗೆರೆಗಳು. ಅದರಲ್ಲಿ ಕಣ್ಣಿಗೆ ಕಾಣುವ ಚಿತ್ರ ಇರುವುದು 576 ಗೆರೆಗಳಲ್ಲಿ. 21 ಇಂಚಿನ ಹಳೇ ಟಿವಿಯ ಎತ್ತರ ಸುಮಾರು 32 ಸೆಂಟಿಮೀಟರ್. ಅಂದರೆ ಒಂದೊಂದು ಗೆರೆ ಅರ್ಧ ಮಿಲಿಮೀಟರ್‌ಗಿಂತ ತುಸು ದಪ್ಪ. ಅದೇ ಚಿತ್ರವನ್ನು ಗೋಡೆ ಮೇಲೆ 100 ಇಂಚಿಗೆ ಹಿಗ್ಗಿಸಿದರೆ ಎತ್ತರ 152 ಸೆಂಟಿಮೀಟರ್ ಆಗುತ್ತದೆ, ಗೆರೆ ಎರಡೂವರೆ ಮಿಲಿಮೀಟರ್ ದಾಟುತ್ತದೆ. ಟಿವಿಯಲ್ಲಿ ಕಣ್ಣಿಗೆ ಬೀಳದಿದ್ದ ಕೊಳೆಯೆಲ್ಲ ಹೆಚ್ಚುಕಡಿಮೆ ಐದು ಪಟ್ಟು ದೊಡ್ಡದಾಗಿ ಎದುರಿಗೆ ಬಂದು ನಿಲ್ಲುತ್ತದೆ.

ಇನ್ನೊಂದು ವಿಷಯವೂ ಇದೆ. ಹಳೇ ಡಬ್ಬಾ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದವು. ಕ್ಯಾಸೆಟ್ ಓಡಿಸಿದಾಗ ಚಿತ್ರದ ತೀರಾ ಕೆಳಗೆ ಹರಿದ ಹಾಗೆ ಒಂದು ತೆಳು ಪಟ್ಟಿ ಬರುತ್ತದೆ. ವಿಸಿಆರ್‌ನ ಒಂದು ಹೆಡ್ಡಿನಿಂದ (ಟೇಪ್ ಓದುವ ಭಾಗ) ಇನ್ನೊಂದಕ್ಕೆ ಬದಲಾಗುವ ಜಾಗ ಅದು. ಟಿವಿಯಲ್ಲಿ ಅದು ಯಾರಿಗೂ ಕಾಣುತ್ತಿರಲಿಲ್ಲ. ಹಲವು ಪ್ರೊಜೆಕ್ಟರ್‌ಗಳು ಅಂಚನ್ನೂ ಬಿಡದೆ ಪೂರ್ತಿ ತೋರಿಸುತ್ತವೆ. ಹಾಗಾಗಿ ಕ್ಯಾಸೆಟ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ಅದು ಮೊದಲಿಂದಲೂ ಅಲ್ಲೇ ಇತ್ತು.

ತಂತಿಯೊಳಗೆ ಚಿತ್ರ ಹೇಗೆ ಹೋಗುತ್ತದೆ

ಅನಲಾಗ್ ಸಿಗ್ನಲ್‌ನಲ್ಲಿ ವೋಲ್ಟೇಜಿನ ಏರಿಳಿತವೇ ಚಿತ್ರ. ಒಂದು ಗೆರೆಯನ್ನು ಎಡದಿಂದ ಬಲಕ್ಕೆ ಬರೆಯುವಾಗ, ಆ ಜಾಗ ಬೆಳ್ಳಗಿದ್ದರೆ ವೋಲ್ಟೇಜ್ ಏರುತ್ತದೆ, ಕಪ್ಪಗಿದ್ದರೆ ಇಳಿಯುತ್ತದೆ. ಕಪ್ಪಿಗೂ ಬಿಳಿಗೂ ಇರುವ ಅಂತರ ಬರೀ 0.7 ವೋಲ್ಟ್. ಒಂದು ಗೆರೆ ಮುಗಿದ ತಕ್ಷಣ ವೋಲ್ಟೇಜ್ ಕಪ್ಪಿಗಿಂತಲೂ 0.3 ವೋಲ್ಟ್ ಕೆಳಗೆ ಬೀಳುತ್ತದೆ. ಮುಂದಿನ ಗೆರೆ ಶುರು ಮಾಡು ಅಂತ ಪ್ರೊಜೆಕ್ಟರ್‌ಗೆ ಸಿಗುವ ಸೂಚನೆ ಅದು, ಅದಕ್ಕೆ ಸಿಂಕ್ ಅನ್ನುತ್ತಾರೆ.

ಪಾಲ್‌ನಲ್ಲಿ ಒಂದು ಗೆರೆಗೆ ಸಿಗುವ ಸಮಯ 64 ಮೈಕ್ರೋಸೆಕೆಂಡ್. ಅದರಲ್ಲಿ ಚಿತ್ರಕ್ಕೆ 52, ಉಳಿದದ್ದು ಸಿಂಕ್‌ಗೆ, ವಾಪಸ್ ಬರುವುದಕ್ಕೆ. ಇಷ್ಟು ಕಡಿಮೆ ಸಮಯದಲ್ಲಿ ವೋಲ್ಟೇಜ್ ಎಷ್ಟು ಸಲ ಏರಿ ಇಳಿಯಬಲ್ಲದೋ ಚಿತ್ರದಲ್ಲಿ ಅಷ್ಟು ಸೂಕ್ಷ್ಮ ವಿವರ ಇರುತ್ತದೆ. ಸಣ್ಣ ಅಕ್ಷರ, ಕೂದಲೆಳೆ, ಜರಿ ಅಂಚು ಇವೆಲ್ಲ ವೇಗದ ಏರಿಳಿತಗಳು. ಆಕಾಶ, ಗೋಡೆ, ಕೆನ್ನೆ ಇವು ನಿಧಾನದ ಏರಿಳಿತಗಳು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲಿವರೆಗೆ ಹೇಳಿದ್ದು ಕಪ್ಪು-ಬಿಳುಪು ಚಿತ್ರದ ಕತೆ. ಬಣ್ಣ ಸೇರಿದ್ದು ಆಮೇಲೆ. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಹಳದಿ ಪಿನ್ನು: ಬೆಳಕು, ಬಣ್ಣ ಎರಡೂ ಒಂದೇ ಚೀಲದಲ್ಲಿ

ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿ ಪದ್ಧತಿ ಒಪ್ಪಿಗೆಯಾದಾಗ ಮನೆಮನೆಗಳಲ್ಲಿ ಕಪ್ಪು-ಬಿಳುಪು ಟಿವಿಗಳಿದ್ದವು. ಅವು ಕೆಲಸ ಮಾಡುತ್ತಲೇ ಇರಬೇಕಿತ್ತು. ಚಾನೆಲ್ಲಿಗೆ ಹೆಚ್ಚಿನ ಜಾಗವೂ ಇರಲಿಲ್ಲ. ಹಾಗಾಗಿ ಎಂಜಿನಿಯರುಗಳು ಬಣ್ಣದ ಮಾಹಿತಿಯನ್ನು ಒಂದು ವೇಗದ ಅಲೆಯ ಮೇಲೆ ಕೂರಿಸಿ, ಮೊದಲಿದ್ದ ಬೆಳಕಿನ ಸಿಗ್ನಲ್‌ನ ಜೊತೆಗೇ ಕಳಿಸಿದರು. ಜರ್ಮನಿಯ ಟೆಲಿಫುಂಕೆನ್ ಕಂಪನಿಯಲ್ಲಿದ್ದ ವಾಲ್ಟರ್ ಬ್ರೂಖ್ ಇದನ್ನೇ ತಿದ್ದಿ ಪಾಲ್ ಮಾಡಿದರು, 1967ರಲ್ಲಿ ಅದರಲ್ಲಿ ಪ್ರಸಾರ ಶುರುವಾಯಿತು. ನಮ್ಮ ದೂರದರ್ಶನ 1982ರಲ್ಲಿ, ದೆಹಲಿ ಏಷ್ಯನ್ ಗೇಮ್ಸ್ ವರ್ಷ, ಬಣ್ಣಕ್ಕೆ ಬಂದಾಗ ಆರಿಸಿಕೊಂಡದ್ದು ಪಾಲ್ ಅನ್ನೇ.

ಪಾಲ್‌ನಲ್ಲಿ ಈ ಬಣ್ಣದ ಅಲೆ ಸೆಕೆಂಡಿಗೆ 44 ಲಕ್ಷದ 30 ಸಾವಿರ ಸಲ, ಅಂದರೆ 4.43 ಮೆಗಾಹರ್ಟ್ಸ್‌ನಲ್ಲಿ ಆಡುತ್ತದೆ. ಬೆಳಕಿನ ಸಿಗ್ನಲ್‌ಗೆ ಇರುವ ಜಾಗ 5 ಮೆಗಾಹರ್ಟ್ಸ್. ಅಂದರೆ ಬಣ್ಣ ಬಂದು ಕೂತದ್ದು ಸೂಕ್ಷ್ಮ ವಿವರಗಳು ಇರುವ ಜಾಗದಲ್ಲೇ. ಈ ಎರಡೂ ಒಂದೇ ತಂತಿಯಲ್ಲಿ ಹೋಗುವ ಪದ್ಧತಿಗೆ ಕಾಂಪೊಸಿಟ್ ಅನ್ನುತ್ತಾರೆ. ಹಳದಿ ಪಿನ್ನು ಅಂದರೆ ಇದೇ.

ಅಕ್ಕಿ, ರಾಗಿ ಎರಡನ್ನೂ ಒಂದೇ ಚೀಲದಲ್ಲಿ ತುಂಬಿ ಕಳಿಸಿದ ಹಾಗೆ ಇದು. ತಲುಪಿದ ಮೇಲೆ ಜರಡಿ ಹಿಡಿದು ಬೇರೆ ಮಾಡಬೇಕು. ಇಡೀ ಅಕ್ಕಿ ಮೇಲೆ ಉಳಿಯುತ್ತದೆ, ರಾಗಿ ಕೆಳಗೆ ಬೀಳುತ್ತದೆ. ಆದರೆ ಅಕ್ಕಿಯಲ್ಲಿ ನುಚ್ಚು ಇದ್ದರೆ ಅದೂ ರಾಗಿ ಜೊತೆಗೇ ಉದುರುತ್ತದೆ. ಇಲ್ಲಿ ಅಕ್ಕಿ ಬೆಳಕು, ರಾಗಿ ಬಣ್ಣ, ನುಚ್ಚು ಅಂದರೆ ಬೆಳಕಿನ ಸೂಕ್ಷ್ಮ ವಿವರ. ಪ್ರೊಜೆಕ್ಟರ್‌ನೊಳಗಿನ ಜರಡಿ ಆ ನುಚ್ಚನ್ನು ಬಣ್ಣ ಅಂತ ತಿಳಿದುಕೊಳ್ಳುತ್ತದೆ.

ಲೆಕ್ಕ ಹಾಕಿದರೆ ಇದು ಎಲ್ಲಿ ಆಗುತ್ತದೆ ಅಂತಲೂ ಹೇಳಬಹುದು. 52 ಮೈಕ್ರೋಸೆಕೆಂಡಿನಲ್ಲಿ 4.43 ಮೆಗಾಹರ್ಟ್ಸ್ ಅಲೆ ಸುಮಾರು 230 ಸಲ ಆಡುತ್ತದೆ. ಪರದೆಯ ಅಗಲಕ್ಕೆ 230 ಪಟ್ಟೆ ಹಿಡಿಸುವಷ್ಟು ಸಣ್ಣ ಪಟ್ಟೆ ಎಲ್ಲಾದರೂ ಬಂದರೆ ಪ್ರೊಜೆಕ್ಟರ್ ಮೋಸ ಹೋಗುತ್ತದೆ. ವಾರ್ತೆ ಓದುವವರ ಸಣ್ಣ ಗೆರೆ ಶರ್ಟು, ಸಣ್ಣ ಚೌಕಳಿಯ ರೇಷ್ಮೆ ಸೀರೆ, ದೂರದಿಂದ ಕಾಣುವ ಹಂಚಿನ ಮಾಡು, ಇವುಗಳ ಮೇಲೆ ಕಾಮನಬಿಲ್ಲಿನ ಹಾಗೆ ಬಣ್ಣಗಳು ಅಲೆದಾಡುವುದು ಇದೇ ಕಾರಣಕ್ಕೆ. ಉಲ್ಟಾ ಕೂಡ ಆಗುತ್ತದೆ. ಕಡುಕೆಂಪು ಪಕ್ಕದಲ್ಲಿ ಕಡುಹಸಿರು ಬಂದ ಕಡೆ ಬಣ್ಣದ ಅಲೆ ಬೆಳಕಿಗೆ ಸೋರಿ, ಅಂಚಿನುದ್ದಕ್ಕೂ ಸಣ್ಣ ಚುಕ್ಕೆಗಳ ಸಾಲು ಹರಿದಾಡುತ್ತದೆ.

ಅಗ್ಗದ ಪ್ರೊಜೆಕ್ಟರ್‌ಗಳು ಇದಕ್ಕೊಂದು ಒರಟು ಉಪಾಯ ಮಾಡುತ್ತವೆ. 4.43ರ ಆಸುಪಾಸಿನಲ್ಲಿ ಇರುವುದನ್ನೆಲ್ಲ ಬೆಳಕಿನಿಂದ ಕತ್ತರಿಸಿ ಎಸೆಯುತ್ತವೆ. ಚುಕ್ಕೆ ಹೋಗುತ್ತದೆ, ಜೊತೆಗೆ ವಿವರವೂ ಹೋಗುತ್ತದೆ. ಮುಖ ಮಬ್ಬಾಗಿ ಕಾಣುವುದಕ್ಕೆ ಒಂದು ಕಾರಣ ಇದು. ಒಳ್ಳೆಯ ಪ್ರೊಜೆಕ್ಟರ್‌ಗಳಲ್ಲಿ ಕೋಂಬ್ ಫಿಲ್ಟರ್ ಅನ್ನುವ ನಯವಾದ ಜರಡಿ ಇರುತ್ತದೆ. ಅದು ಅಕ್ಕಪಕ್ಕದ ಗೆರೆಗಳನ್ನು ಹೋಲಿಸಿ ನೋಡಿ ಬೇರ್ಪಡಿಸುತ್ತದೆ. ಅದೂ ನೂರಕ್ಕೆ ನೂರು ಸರಿ ಮಾಡುವುದಿಲ್ಲ.

ಗುಂಡಗಿನ ನಾಲ್ಕು ಕಡ್ಡಿ: ಎಸ್-ವಿಡಿಯೋ

ಬೆರೆಸಿ ಆಮೇಲೆ ಬೇರ್ಪಡಿಸುವುದು ಯಾಕೆ, ಮೊದಲೇ ಎರಡು ತಂತಿಯಲ್ಲಿ ಕಳಿಸಿದರೆ ಆಗದೇ? ಎಸ್-ವಿಡಿಯೋ ಮಾಡುವುದು ಅಷ್ಟನ್ನೇ. ಜೆವಿಸಿ ಕಂಪನಿ 1987ರಲ್ಲಿ ಎಸ್-ವಿಎಚ್‌ಎಸ್ ಕ್ಯಾಸೆಟ್ ತಂದಾಗ ಇದು ಜನಪ್ರಿಯವಾಯಿತು. ಒಂದೇ ಪ್ಲಗ್ಗಿನೊಳಗೆ ಬೆಳಕಿಗೊಂದು ದಾರಿ, ಬಣ್ಣಕ್ಕೊಂದು ದಾರಿ. ಚುಕ್ಕೆ, ಕಾಮನಬಿಲ್ಲು ಎರಡೂ ಮಾಯ.

ಪ್ಲಗ್ ಮಾತ್ರ ಬಲು ನಾಜೂಕು. ಸಣ್ಣ ಕಡ್ಡಿಗಳು, ತಿರುಗಿಸಿ ಒತ್ತಿದರೆ ಬಾಗಿಬಿಡುತ್ತವೆ. ಸೆಕೆಂಡ್ ಹ್ಯಾಂಡ್ ವೈರು ಕೊಳ್ಳುವಾಗ ನಾಲ್ಕೂ ಕಡ್ಡಿ ನೆಟ್ಟಗಿವೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಬಣ್ಣದ ಕಡ್ಡಿ ಸರಿಯಾಗಿ ತಾಗದಿದ್ದರೆ ಚಿತ್ರ ಚೂಪಾಗಿಯೇ ಬರುತ್ತದೆ, ಆದರೆ ಕಪ್ಪು-ಬಿಳುಪಿನಲ್ಲಿ.

ಹಸಿರು, ನೀಲಿ, ಕೆಂಪು: ಕಾಂಪೊನೆಂಟ್

ಈಗ ಮೂರು ಪಿನ್ನಿನ ವಿಷಯ. ಡಿವಿಡಿ ಇಟ್ಟುಕೊಂಡವರು ಇದನ್ನು ಗಮನವಿಟ್ಟು ಓದಿ.

ಪ್ಲೇಯರ್ ಹಿಂದೆ ಹಸಿರು, ನೀಲಿ, ಕೆಂಪು ತೂತುಗಳನ್ನು ನೋಡಿ ಮೂರು ಮೂಲಬಣ್ಣಗಳು ಒಂದೊಂದು ತಂತಿಯಲ್ಲಿ ಹೋಗುತ್ತವೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಚಿತ್ರ ಓಡುತ್ತಿರುವಾಗ ನೀಲಿ, ಕೆಂಪು ಪಿನ್ನು ಕಿತ್ತು ಹಸಿರನ್ನು ಮಾತ್ರ ಬಿಡಿ. ಗೋಡೆ ಮೇಲೆ ಹಸಿರು ಚಿತ್ರ ಬರುವುದಿಲ್ಲ, ಅಚ್ಚುಕಟ್ಟಾದ ಕಪ್ಪು-ಬಿಳುಪು ಚಿತ್ರ ಬರುತ್ತದೆ. ಹಸಿರು ಪಿನ್ನಿನಲ್ಲಿ ಹೋಗುತ್ತಿರುವುದು ಪೂರ್ತಿ ಬೆಳಕು, ಜೊತೆಗೆ ಸಿಂಕ್. ನೀಲಿ ಪಿನ್ನಿನಲ್ಲಿ ಹೋಗುವುದು ನೀಲಿಗೂ ಬೆಳಕಿಗೂ ಇರುವ ವ್ಯತ್ಯಾಸ, ಕೆಂಪಿನಲ್ಲಿ ಕೆಂಪಿಗೂ ಬೆಳಕಿಗೂ ಇರುವ ವ್ಯತ್ಯಾಸ.

ಹಾಗಾದರೆ ಹಸಿರು ಬಣ್ಣ ಎಲ್ಲಿಂದ ಬರುತ್ತದೆ? ಲೆಕ್ಕದಿಂದ. ಟಿವಿ ಪದ್ಧತಿಯಲ್ಲಿ ಬೆಳಕಿನ ಅಳತೆಯಲ್ಲಿ ಹಸಿರಿನ ಪಾಲು ಸುಮಾರು 59 ಭಾಗ, ಕೆಂಪಿನದು 30, ನೀಲಿಯದು 11. ನಮ್ಮ ಕಣ್ಣು ಹಾಗೆ ಇದೆ. ಒಟ್ಟು ಗೊತ್ತಿದ್ದು, ಕೆಂಪು ನೀಲಿ ಗೊತ್ತಿದ್ದರೆ ಉಳಿದದ್ದು ಹಸಿರು ತಾನೇ? ಪ್ರೊಜೆಕ್ಟರ್ ಅದನ್ನು ಕಳೆದು ತೆಗೆಯುತ್ತದೆ.

ಎಸ್-ವಿಡಿಯೋದಲ್ಲಿ ಎರಡು ಬಣ್ಣದ ಮಾಹಿತಿಯೂ ಇನ್ನೂ ಆ 4.43ರ ಅಲೆಯ ಮೇಲೆಯೇ ಕೂತಿರುತ್ತದೆ. ಕಾಂಪೊನೆಂಟ್‌ನಲ್ಲಿ ಆ ಅಲೆಯೇ ಇಲ್ಲ. ಪಾಲ್‌ನ ಕಟ್ಟುಪಾಡೂ ಇಲ್ಲ. ಹಾಗಾಗಿ 576 ಗೆರೆಗೆ ನಿಲ್ಲಬೇಕಿಲ್ಲ, 720 ಅಥವಾ 1080 ಗೆರೆಗಳ ಎಚ್‌ಡಿ ಚಿತ್ರ (720ಪಿ, 1080ಐ) ಕೂಡ ಇದರಲ್ಲಿ ಹೋಗುತ್ತದೆ. ಡಿವಿಡಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ತಟ್ಟೆಯ ಮೇಲೆ ಚಿತ್ರ ಇರುವುದೇ ಬೆಳಕು ಒಂದು, ಬಣ್ಣದ ವ್ಯತ್ಯಾಸ ಎರಡು ಅನ್ನುವ ಲೆಕ್ಕದಲ್ಲಿ. ಹಳದಿ ಪಿನ್ನು ಹಾಕಿದರೆ, ತಟ್ಟೆಯಲ್ಲಿ ಬೇರೆಬೇರೆಯಾಗಿ ಇದ್ದದ್ದನ್ನು ಪ್ಲೇಯರ್ ಬೆರೆಸಿ ಕಳಿಸುತ್ತದೆ, ಪ್ರೊಜೆಕ್ಟರ್ ಮತ್ತೆ ಒದ್ದಾಡಿ ಬೇರ್ಪಡಿಸುತ್ತದೆ. ಯಾರಿಗೂ ಲಾಭ ಇಲ್ಲದ ಕೆಲಸ.

ಇನ್ನೊಂದು ಲಾಭ ಪ್ರೋಗ್ರೆಸಿವ್ ಸ್ಕ್ಯಾನ್. ಪಾಲ್ ಚಿತ್ರ ಒಟ್ಟಿಗೆ ಬರುವುದಿಲ್ಲ. ಮೊದಲು 1, 3, 5 ಹೀಗೆ ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಸೆಕೆಂಡಿಗೆ 50 ಅರ್ಧಚಿತ್ರಗಳು. ಪ್ರೊಜೆಕ್ಟರ್ ಪೂರ್ತಿ ಚಿತ್ರವನ್ನು ಒಮ್ಮೆಗೇ ತೋರಿಸಬೇಕು, ಹಾಗಾಗಿ ಅರ್ಧಗಳನ್ನು ಹೊಲಿಯುತ್ತದೆ. ಹೊಲಿಗೆ ಸರಿ ಇಲ್ಲದಿದ್ದರೆ ಓಡುವವರ ಕೈಕಾಲಿನ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ಡಿವಿಡಿ ಪ್ಲೇಯರ್‌ನಲ್ಲಿ ಪ್ರೋಗ್ರೆಸಿವ್ ಇದ್ದರೆ ಹೊಲಿಗೆಯನ್ನು ಅದೇ ಮಾಡಿ ಇಡೀ ಚಿತ್ರ ಕಳಿಸುತ್ತದೆ. ಕಾಂಪೊಸಿಟ್, ಎಸ್-ವಿಡಿಯೋದಲ್ಲಿ ಇಡೀ ಚಿತ್ರ ಕಳಿಸಲು ಆಗುವುದಿಲ್ಲ.

ಜನ ಸಿಕ್ಕಿಕೊಳ್ಳುವುದು ಸೆಟ್ಟಿಂಗ್‌ನಲ್ಲಿ. ಮೂರು ಪಿನ್ನು ಹಾಕಿದ ಮಾತ್ರಕ್ಕೆ ಎಷ್ಟೋ ಪ್ಲೇಯರ್‌ಗಳು ಅದರಲ್ಲಿ ಚಿತ್ರ ಕೊಡುವುದಿಲ್ಲ. ಮೆನುವಿನ ವಿಡಿಯೋ ಔಟ್‌ಪುಟ್‌ಗೆ ಹೋದರೆ ಸಿವಿಬಿಎಸ್, ವೈಯುವಿ, ಪಿ-ಸ್ಕ್ಯಾನ್ ಅಂತ ಇರುತ್ತದೆ. ಸಿವಿಬಿಎಸ್ ಅಂದರೆ ಹಳದಿ. ವೈಯುವಿ ಅಂದರೆ ಕಾಂಪೊನೆಂಟ್. ಪಿ-ಸ್ಕ್ಯಾನ್ ಅಂದರೆ ಕಾಂಪೊನೆಂಟ್‌ನಲ್ಲೇ ಪ್ರೋಗ್ರೆಸಿವ್. ಪಿ-ಸ್ಕ್ಯಾನ್ ಒತ್ತಿದ ಕೂಡಲೇ ಹಳದಿ ಪಿನ್ನಿನಲ್ಲಿ ಚಿತ್ರ ನಿಂತುಹೋಗಬಹುದು. ಪ್ಲೇಯರ್ ಸತ್ತಿತು ಅಂತ ರಿಪೇರಿಗೆ ಒಯ್ಯುವವರಿದ್ದಾರೆ! ಮೊದಲು ಹಳದಿ ಮತ್ತು ಮೂರು ಪಿನ್ನು ಎಲ್ಲವನ್ನೂ ಹಾಕಿಟ್ಟುಕೊಳ್ಳಿ. ಹಳದಿಯಲ್ಲಿ ಮೆನು ನೋಡಿ ಬದಲಾಯಿಸಿ, ಆಮೇಲೆ ಪ್ರೊಜೆಕ್ಟರ್‌ನ ಸೋರ್ಸ್ ಬಟನ್ ಒತ್ತಿ ಕಾಂಪೊನೆಂಟ್‌ಗೆ ಹೋಗಿ.

ಇಲ್ಲಿ ಎರಡು ಕೆಂಪು ಪಿನ್ನು ಇರುತ್ತವೆ ಅನ್ನುವುದನ್ನು ಮರೆಯಬೇಡಿ. ಒಂದು ಚಿತ್ರದ್ದು, ಇನ್ನೊಂದು ಬಿಳಿ ಪಿನ್ನಿನ ಜೋಡಿ, ಶಬ್ದದ್ದು. ಕಾಂಪೊನೆಂಟ್, ಎಸ್-ವಿಡಿಯೋ, ವಿಜಿಎ ಮೂರರಲ್ಲೂ ಶಬ್ದ ಹೋಗುವುದಿಲ್ಲ. ಅದಕ್ಕೆ ಬೇರೆ ವೈರೇ ಬೇಕು.

ವಿಜಿಎ: ಕಂಪ್ಯೂಟರಿನ ನೀಲಿ ಪ್ಲಗ್ಗು

ಐಬಿಎಂ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರ್ ಜೊತೆ ತಂದದ್ದು ಇದು. ಮೂರು ಸಾಲಿನಲ್ಲಿ 15 ಪಿನ್ನು, ಎರಡು ಪಕ್ಕ ತಿರುಪು. ಇದರಲ್ಲಿ ನಿಜವಾಗಿಯೂ ಕೆಂಪು, ಹಸಿರು, ನೀಲಿ ಮೂರೂ ಬೇರೆಬೇರೆ ತಂತಿಯಲ್ಲಿ ಹೋಗುತ್ತವೆ. ಸಿಂಕ್‌ಗೂ ಬೇರೆ ಎರಡು ತಂತಿ, ಅಡ್ಡಕ್ಕೊಂದು, ಉದ್ದಕ್ಕೊಂದು. ಹುಟ್ಟಿದಾಗ ಇದ್ದದ್ದು 640 ಬೈ 480 ಚುಕ್ಕೆ. ಒಳ್ಳೆಯ ವೈರಿದ್ದರೆ 1920 ಬೈ 1080 ಕೂಡ ಸಲೀಸಾಗಿ ಹೋಗುತ್ತದೆ. ಹಳೇ ಆಫೀಸ್ ಪ್ರೊಜೆಕ್ಟರ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯ ಅನಲಾಗ್ ತೂತು ಇದೇ.

ಇಂಟೆಲ್, ಎಎಂಡಿ ಮತ್ತು ಕೆಲವು ಕಂಪನಿಗಳು 2010ರ ಡಿಸೆಂಬರ್‌ನಲ್ಲೇ, 2015ರ ಹೊತ್ತಿಗೆ ಇದನ್ನು ಕೈಬಿಡುತ್ತೇವೆ ಅಂತ ಹೇಳಿದ್ದವು. ಅದಕ್ಕೇ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ತೂತು ಅಪರೂಪ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಾಯಿಸುವ ಸಣ್ಣ ಅಡಾಪ್ಟರ್ ಸಿಗುತ್ತದೆ, ಅದರೊಳಗೆ ಚಿಪ್ ಇರುತ್ತದೆ, ಕೆಲಸ ಮಾಡುತ್ತದೆ.

ಲ್ಯಾಪ್‌ಟಾಪ್ ಹಾಕುವಾಗ ಪ್ರೊಜೆಕ್ಟರ್‌ನ ಸಹಜ ರೆಸಲ್ಯೂಷನ್ (ಅಡ್ಡಕ್ಕೆ, ಉದ್ದಕ್ಕೆ ಇರುವ ಚುಕ್ಕೆಗಳ ಲೆಕ್ಕ) ಎಷ್ಟೋ ಅಷ್ಟನ್ನೇ ಲ್ಯಾಪ್‌ಟಾಪ್‌ನಲ್ಲಿ ಇಡಿ. ಹಳೇ ಆಫೀಸ್ ಪ್ರೊಜೆಕ್ಟರ್ ಆದರೆ ಸಾಮಾನ್ಯವಾಗಿ 800 ಬೈ 600 ಅಥವಾ 1024 ಬೈ 768. ಈಗಿನ ಅಗ್ಗದ ಎಲ್‌ಇಡಿ ಪ್ರೊಜೆಕ್ಟರ್ ಡಬ್ಬಿ ಮೇಲೆ '1080ಪಿ ಸಪೋರ್ಟ್' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಆ ಸಿಗ್ನಲ್ ಕೊಟ್ಟರೆ ತಗೊಳ್ಳುತ್ತೆ ಅಂತ ಮಾತ್ರ ಅದರ ಅರ್ಥ. ಗೋಡೆ ಮೇಲೆ ಬೀಳುವ ಚುಕ್ಕೆ ಎಷ್ಟು ಅಂತ ಡಬ್ಬಿಯ ಮೂಲೆಯಲ್ಲಿ 'ನೇಟಿವ್' ಅಂತ ಸಣ್ಣಕ್ಷರದಲ್ಲಿ ಹುಡುಕಬೇಕು. ಆಮೇಲೆ ರಿಮೋಟಿನ 'ಆಟೋ' ಬಟನ್ ಒಮ್ಮೆ ಒತ್ತಿ. ಅನಲಾಗ್ ಸಿಗ್ನಲ್‌ನಲ್ಲಿ ಒಂದು ಚುಕ್ಕೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಅಂತ ಗುರುತು ಇರುವುದಿಲ್ಲ, ಪ್ರೊಜೆಕ್ಟರ್ ಅಂದಾಜು ಮಾಡಬೇಕು. ಆ ಅಂದಾಜು ತಪ್ಪಿದರೆ ಅಕ್ಷರಗಳು ನಡುಗುತ್ತವೆ.

ಪ್ರೊಜೆಕ್ಟರ್‌ನಲ್ಲಿ ಮೂರು ಪಿನ್ನಿನ ತೂತು ಇಲ್ಲ, ವಿಜಿಎ ಮಾತ್ರ ಇದೆ, ಏನು ಮಾಡುವುದು? ತುಂಬಾ ಪ್ರೊಜೆಕ್ಟರ್‌ಗಳು ವಿಜಿಎ ತೂತಿನಲ್ಲೇ ಕಾಂಪೊನೆಂಟ್ ತಗೊಳ್ಳುತ್ತವೆ. ಒಂದು ಕಡೆ ವಿಜಿಎ, ಇನ್ನೊಂದು ಕಡೆ ಮೂರು ಪಿನ್ನು ಇರುವ ವೈರು ಸಿಗುತ್ತದೆ. ಪ್ರೊಜೆಕ್ಟರ್ ಪುಸ್ತಕದಲ್ಲಿ ಇದಕ್ಕೆ ಒಪ್ಪಿಗೆ ಇದೆಯಾ ನೋಡಿಕೊಂಡು ಕೊಳ್ಳಿ. ಹಾಕಿದ ಮೇಲೆ ಚಿತ್ರ ಪೂರ್ತಿ ಹಸಿರಾಗಿಯೋ ಗುಲಾಬಿಯಾಗಿಯೋ ಬಂದರೆ ಹೆದರಬೇಡಿ. ಮೆನುವಿನಲ್ಲಿ ಸಿಗ್ನಲ್ ಬಗೆಯನ್ನು ಆರ್‌ಜಿಬಿಯಿಂದ (ಕೆಂಪು-ಹಸಿರು-ನೀಲಿ) ಕಾಂಪೊನೆಂಟ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ. ಆದರೆ ಲ್ಯಾಪ್‌ಟಾಪ್‌ನ ವಿಜಿಎಯಿಂದ ಪ್ರೊಜೆಕ್ಟರ್‌ನ ಹಳದಿ ತೂತಿಗೆ ಬರೀ ವೈರು ಹಾಕಿದರೆ ಚಿತ್ರ ಬರುವುದಿಲ್ಲ. ಹಾಗೆ ಮಾರುವ ವೈರುಗಳೂ ಅಂಗಡಿಯಲ್ಲಿವೆ, ತಗೊಳ್ಳಬೇಡಿ.

ನಿಮ್ಮ ಹತ್ತಿರ ಇರುವುದು ಏನು?

ವೈರು ಆರಿಸುವ ಮೊದಲು ಕೇಳಬೇಕಾದದ್ದು ಒಂದೇ: ಚಿತ್ರ ಮೂಲದಲ್ಲಿ ಯಾವ ರೂಪದಲ್ಲಿದೆ? ಅಲ್ಲಿ ಬೇರೆಬೇರೆಯಾಗಿದ್ದರೆ ಬೇರೆಬೇರೆಯಾಗಿಯೇ ತನ್ನಿ. ಅಲ್ಲೇ ಕಡಿಮೆ ಇದ್ದರೆ ವೈರು ಏನೂ ಸೇರಿಸುವುದಿಲ್ಲ.

ಮದುವೆ ಕ್ಯಾಸೆಟ್ಟನ್ನೇ ತಗೊಳ್ಳಿ. ವಿಎಚ್‌ಎಸ್ ಟೇಪಿನಲ್ಲಿ ಬೆಳಕಿನ ವಿವರ ಸುಮಾರು 3 ಮೆಗಾಹರ್ಟ್ಸ್‌ಗೆ ನಿಂತುಹೋಗುತ್ತದೆ. ವಿಸಿಆರ್ ವೈರಿಗೆ ಕೊಡುವಾಗ ಬಣ್ಣ ಇರುವುದು 4.43ರ ಆಸುಪಾಸಿನಲ್ಲಿ. ಎರಡೂ ಒಂದಕ್ಕೊಂದು ತಾಗುವುದೇ ಕಡಿಮೆ. ಈ ಅಕ್ಕಿಯಲ್ಲಿ ನುಚ್ಚೇ ಇಲ್ಲ, ಜರಡಿ ಸುಲಭವಾಗಿ ಬೇರ್ಪಡಿಸುತ್ತದೆ. ಹಾಗಾಗಿ ಸಾಮಾನ್ಯ ವಿಸಿಆರ್‌ಗೆ ಹಳದಿ ಪಿನ್ನು ಸಾಕು. ದುಡ್ಡು ಖರ್ಚು ಮಾಡುವುದಿದ್ದರೆ ಹೆಡ್ ಕ್ಲೀನ್ ಮಾಡಿಸಿ, ಎರಡು ಮೀಟರ್ ಅಗಲದ ಚಿತ್ರ ಬಿಟ್ಟು ಚಿಕ್ಕದು ಮಾಡಿ ನೋಡಿ. ಡಿವಿಡಿ, ಕ್ಯಾಸೆಟ್ ಎರಡೂ ಇರುವ ಜೋಡಿ ಪ್ಲೇಯರ್ ಆದರೆ ಕಾಂಪೊನೆಂಟ್ ತೂತಿನಲ್ಲಿ ಹಲವು ಸಲ ಡಿವಿಡಿ ಚಿತ್ರ ಮಾತ್ರ ಬರುತ್ತದೆ. ಟೇಪ್ ಹಳೆಯದಾಗಿ ಸಿಂಕ್ ಅಲುಗಾಡುತ್ತಿದ್ದರೆ ಪ್ರೊಜೆಕ್ಟರ್ ಆಗಾಗ ನೀಲಿ ಪರದೆ ತೋರಿಸಬಹುದು. ಹಳೇ ಟಿವಿಗಳಿಗೆ ಇದ್ದ ಸಹನೆ ಪ್ರೊಜೆಕ್ಟರ್‌ಗಳಿಗೆ ಇಲ್ಲ.

ಅಮೆರಿಕದ ನೆಂಟರು ಕಳಿಸಿದ ಕ್ಯಾಸೆಟ್ ಆದರೆ ಅದು ಎನ್‌ಟಿಎಸ್‌ಸಿ ಪದ್ಧತಿಯದ್ದು, 525 ಗೆರೆ. ಪ್ರೊಜೆಕ್ಟರ್ ಸಾಮಾನ್ಯವಾಗಿ ಎರಡನ್ನೂ ತಾನೇ ಗುರುತಿಸುತ್ತದೆ. ಓಡಿಸುವ ವಿಸಿಆರ್‌ಗೆ ಅದು ಬರಬೇಕು ಅಷ್ಟೇ.

ಹೈ8 ಅನ್ನುವ ಸಣ್ಣ ಟೇಪಿನ ಹಳೇ ಹ್ಯಾಂಡಿಕ್ಯಾಮ್ ಇದ್ದವರು ಎಸ್-ವಿಡಿಯೋ ಹಾಕಿ. ಆ ಟೇಪಿನಲ್ಲಿ ವಿಎಚ್‌ಎಸ್‌ಗಿಂತ ಜಾಸ್ತಿ ವಿವರ ಇದೆ, ಬೆಳಕು-ಬಣ್ಣ ಬೇರೆಯಾಗಿಯೂ ಇದೆ.

ಡಿವಿಡಿಗೆ ಕಾಂಪೊನೆಂಟ್, ಅದರಲ್ಲೂ ಪಿ-ಸ್ಕ್ಯಾನ್. ಈ ಒಂದು ಬದಲಾವಣೆಯಲ್ಲಿ ಕಾಣುವಷ್ಟು ವ್ಯತ್ಯಾಸ ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಬ್ಲೂ-ರೇ ಪ್ಲೇಯರ್ ಆದರೆ ಜೋಪಾನ. ಕಾಪಿ ತಡೆಯುವ ನಿಯಮದಿಂದಾಗಿ 2010ರ ನಂತರ ತಯಾರಾದ ಪ್ಲೇಯರ್‌ಗಳು ಬ್ಲೂ-ರೇ ಚಿತ್ರವನ್ನು ಕಾಂಪೊನೆಂಟ್‌ನಲ್ಲಿ ಡಿವಿಡಿ ಮಟ್ಟಕ್ಕೆ ಇಳಿಸಿಯೇ ಕೊಡುತ್ತವೆ. ತೂತು ಇದ್ದರೂ ಎಚ್‌ಡಿ ಸಿಗುವುದಿಲ್ಲ.

ಪ್ಲೇಸ್ಟೇಷನ್ 2 ವಿಡಿಯೋ ಗೇಮ್ ಇಟ್ಟುಕೊಂಡವರು ಅದರದೇ ಕಾಂಪೊನೆಂಟ್ ವೈರು ತಂದು, ಮೆನುವಿನಲ್ಲಿ ಆರ್‌ಜಿಬಿ ಇದ್ದದ್ದನ್ನು ಕಾಂಪೊನೆಂಟ್‌ಗೆ ಬದಲಾಯಿಸಬೇಕು. ಬಟನ್ ಒತ್ತಿದ ಸ್ವಲ್ಪ ಹೊತ್ತಿಗೆ ಆಟಗಾರ ಓಡುತ್ತಾನೆ ಅನಿಸಿದರೆ ಅದು ಪ್ರೊಜೆಕ್ಟರ್ ಅರ್ಧಚಿತ್ರಗಳನ್ನು ಹೊಲಿಯುವುದಕ್ಕೆ ತಗೊಳ್ಳುವ ಸಮಯ. ಗೇಮ್ ಮೋಡ್ ಇದ್ದರೆ ಹಾಕಿ.

ಡಿಡಿ ಫ್ರೀ ಡಿಶ್‌ನ ಅಗ್ಗದ ಬಾಕ್ಸುಗಳಲ್ಲಿ ಹಳದಿ ಪಿನ್ನು ಬಿಟ್ಟರೆ ಬೇರೆ ದಾರಿ ಇಲ್ಲದಿರಬಹುದು. ಚಂದನ ನೋಡುವುದಕ್ಕೆ ಅಷ್ಟೇ ಆದರೆ ನಡೆಯುತ್ತದೆ. ಮ್ಯಾಚ್ ನೋಡಲು ಎಚ್‌ಡಿಎಂಐ ಇರುವ ಬಾಕ್ಸೇ ಬೇಕು, ಹಳದಿಯಲ್ಲಿ ಸ್ಕೋರಿನ ಸಣ್ಣ ಅಂಕಿಗಳು ಕಣ್ಣಿಗೆ ಹಿಂಸೆ.

ವೈರು ಕೊಳ್ಳುವಾಗ, ಹಾಕುವಾಗ

ಕಾಂಪೊಸಿಟ್ ಆಗಲಿ ಕಾಂಪೊನೆಂಟ್ ಆಗಲಿ, ಬೇಕಾದದ್ದು 75 ಓಮ್‌ನ ವಿಡಿಯೋ ವೈರು. ಒಳಗಿನ ರಚನೆ ಒಂದೇ, ಪ್ಲಗ್ಗಿನ ಬಣ್ಣ ಮಾತ್ರ ಬೇರೆ. ಹಾಗಾಗಿ ತುರ್ತಿಗೆ ಮನೆಯಲ್ಲಿರುವ ಹಳದಿ-ಬಿಳಿ-ಕೆಂಪು ವೈರನ್ನೇ ಕಾಂಪೊನೆಂಟ್‌ಗೆ ಬಳಸಬಹುದು. ಹಳದಿಯನ್ನು ಹಸಿರಿಗೆ, ಬಿಳಿಯನ್ನು ನೀಲಿಗೆ, ಕೆಂಪನ್ನು ಕೆಂಪಿಗೆ, ಎರಡೂ ತುದಿಯಲ್ಲಿ ಹಾಗೇ ಹಾಕಿ. ಒಂದೆರಡು ಮೀಟರಿನವರೆಗೆ ತೊಂದರೆ ಇಲ್ಲ. ಪ್ರೊಜೆಕ್ಟರ್ ಚಾವಣಿಯಲ್ಲಿದ್ದು ಹತ್ತು ಮೀಟರ್ ಎಳೆಯಬೇಕಾದರೆ ಮಾತ್ರ ದಪ್ಪನೆಯ ಒಳ್ಳೆಯ ವೈರು ತನ್ನಿ. ತೆಳು ವಿಜಿಎ ವೈರು ಉದ್ದಕ್ಕೆ ಎಳೆದರೆ ಪ್ರತಿ ಅಕ್ಷರದ ಬಲಗಡೆ ಒಂದು ಮಸುಕು ನೆರಳು ಬೀಳುತ್ತದೆ. ಚಿನ್ನದ ಲೇಪನಕ್ಕೆ ಹೆಚ್ಚು ದುಡ್ಡು ಕೊಡುವುದು ನನ್ನ ಪ್ರಕಾರ ದಂಡ.

ಸಣ್ಣ ಎಲ್‌ಇಡಿ ಪ್ರೊಜೆಕ್ಟರ್‌ಗಳಲ್ಲಿ ಮೂರು ತೂತಿನ ಬದಲು ಹೆಡ್‌ಫೋನ್ ಜ್ಯಾಕಿನಂಥ ಒಂದೇ ತೂತು ಇರುತ್ತದೆ, ಪಕ್ಕದಲ್ಲಿ 'ಎವಿ' ಅಂತ ಬರೆದಿರುತ್ತದೆ. ಅದರ ಪ್ಲಗ್ಗಿನ ಮೇಲೆ ಮೂರು ಕಪ್ಪು ಉಂಗುರ. ಆದರೆ ಯಾವ ಭಾಗದಲ್ಲಿ ಚಿತ್ರ, ಯಾವುದರಲ್ಲಿ ಶಬ್ದ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಬೇರೆ ಸಾಮಾನಿನ ವೈರು ಹಾಕಿ ಚಿತ್ರ ಬರದೆ, ಸ್ಪೀಕರಿನಲ್ಲಿ ಗುರ್ ಅಂತ ಜೋರು ಸದ್ದು ಬಂದರೆ ಚಿತ್ರದ ಸಿಗ್ನಲ್ ಶಬ್ದಕ್ಕೆ ಹೋಗಿದೆ ಅಂತ ಅರ್ಥ. ಆ ವೈರಿನ ಪ್ಲೇಯರ್ ಕಡೆಯ ತುದಿಯಲ್ಲಿ ಹಳದಿ ಬಿಟ್ಟು ಕೆಂಪನ್ನೋ ಬಿಳಿಯನ್ನೋ ಪ್ಲೇಯರಿನ ಹಳದಿ ತೂತಿಗೆ ಹಾಕಿ ನೋಡಿ, ಎಷ್ಟೋ ಸಲ ಚಿತ್ರ ಬಂದುಬಿಡುತ್ತದೆ.

ಚಿತ್ರದ ಮೇಲೆ ಮಬ್ಬು ಅಡ್ಡಪಟ್ಟಿಗಳು ನಿಧಾನವಾಗಿ ಮೇಲೆ ಕೆಳಗೆ ತೇಲುತ್ತಿದ್ದರೆ ಅದು ಕರೆಂಟಿನ ಕಾಟ. ಪ್ಲೇಯರ್ ಒಂದು ಪಾಯಿಂಟಿನಲ್ಲಿ, ಪ್ರೊಜೆಕ್ಟರ್ ಇನ್ನೊಂದು ಪಾಯಿಂಟಿನಲ್ಲಿ ಇದ್ದು, ಎರಡರ ಅರ್ತ್ ನಡುವೆ ಸಣ್ಣ ವ್ಯತ್ಯಾಸ ಇದ್ದರೆ ಅದು ವೈರಿನ ಮೂಲಕ ಹರಿಯುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಪಾಲ್‌ನ ಅರ್ಧಚಿತ್ರಗಳೂ ಸೆಕೆಂಡಿಗೆ 50. ಅದಕ್ಕೇ ಪಟ್ಟಿ ಅಷ್ಟು ನಿಧಾನ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಬಹುತೇಕ ಹೋಗುತ್ತದೆ. ಡಿಶ್ ಅಥವಾ ಕೇಬಲ್ ವೈರು ಬಿಚ್ಚಿದಾಗ ಪಟ್ಟಿ ನಿಂತರೆ ಅದು ಬರುತ್ತಿರುವುದು ಆ ಕಡೆಯಿಂದ. ಅರ್ತ್ ಪಿನ್ನು ಮುರಿದು ಹಾಕುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಪಟ್ಟಿ ಹೋಗಬಹುದು, ಶಾಕ್ ಹೊಡೆದರೆ ಜೀವವೇ ಹೋಗುತ್ತದೆ.

ಕೊನೆಯದಾಗಿ ಅಂಗಡಿಯಲ್ಲಿ ಸಿಗುವ ಆ ಸಣ್ಣ ಬಿಳಿ, ಕಪ್ಪು ಕನ್ವರ್ಟರ್ ಡಬ್ಬಿ. ಹಳದಿ ಪಿನ್ನನ್ನು ಎಚ್‌ಡಿಎಂಐ ಮಾಡಿಕೊಡುತ್ತದೆ, '1080ಪಿ' ಅಂತ ಮೇಲೆ ಬರೆದಿರುತ್ತದೆ. ಬೆರೆತ ಸಿಗ್ನಲ್ಲನ್ನು ಪ್ರೊಜೆಕ್ಟರ್ ಬದಲು ಈ ಡಬ್ಬಿ ಬೇರ್ಪಡಿಸುತ್ತದೆ, ಚಿತ್ರ ಹಿಗ್ಗಿಸುತ್ತದೆ, ಹೊಸ ವಿವರ ಎಲ್ಲಿಂದಲೂ ತರುವುದಿಲ್ಲ. ಪ್ರೊಜೆಕ್ಟರ್‌ನಲ್ಲಿ ಹಳದಿ ತೂತೇ ಇಲ್ಲದಿದ್ದರೆ ತಗೊಳ್ಳಿ, ಇದ್ದರೆ ಬೇಡ. ತಗೊಳ್ಳುವಾಗ ದಿಕ್ಕು ನೋಡಿ: ಎವಿಯಿಂದ ಎಚ್‌ಡಿಎಂಐಗೆ ಹೋಗುವ ಡಬ್ಬಿ, ಎಚ್‌ಡಿಎಂಐಯಿಂದ ಎವಿಗೆ ಬರುವ ಡಬ್ಬಿ ಎರಡೂ ಅವಳಿ-ಜವಳಿಯ ಹಾಗೆ ಇರುತ್ತವೆ. ಒಂದನ್ನು ಇನ್ನೊಂದರ ಕೆಲಸಕ್ಕೆ ಹಾಕಲಾಗದು. ಎರಡಕ್ಕೂ ಯುಎಸ್‌ಬಿಯಿಂದ 5 ವೋಲ್ಟ್ ಕೊಡಬೇಕು. ಕರೆಂಟ್ ಕೊಟ್ಟ ಮೇಲೂ ಚಿತ್ರ ಉರುಳುತ್ತಿದ್ದರೆ ಡಬ್ಬಿಯ ಪಕ್ಕದ ಸಣ್ಣ ಸ್ವಿಚ್ಚನ್ನು 1080ರಿಂದ 720ಕ್ಕೆ ತಳ್ಳಿ ನೋಡಿ.